ಅಪ್ಪನಿಗೊಂದು ರೇರಾ ನಂಬರ್

ನಮ್ಮಪ್ಪ ಹಲಸೂರಿನಲ್ಲಿ ಮನೆ ಬ್ರೋಕರ್. ನಾನು ಒಂದನೇ ಕ್ಲಾಸಿಗೆ ಸೇರೋ ಮುಂಚಿನಿಂದಲೂ ಇದೇ ಕೆಲಸ. ಆಫೀಸು ಅಂತ ಏನೂ ಇಲ್ಲ. ಕೆರೆ ಹತ್ತಿರದ ಟೀ ಅಂಗಡಿ, ಒಂದು ಹಳೇ ಸ್ಕೂಟರು, ಜೇಬು ತುಂಬಾ ಬೀಗದಕೈ. ಬಾಡಿಗೆ ಮನೆ, ಭೋಗ್ಯದ ಮನೆ, ಅಪರೂಪಕ್ಕೊಂದು ಮಾರಾಟ. ಮೆಟ್ರೋ ಕೆ.ಆರ್. ಪುರ ದಾಟಿ ವೈಟ್‌ಫೀಲ್ಡ್‌ವರೆಗೂ ಓಡೋಕೆ ಶುರುವಾದ ಮೇಲೆ ಅಪ್ಪನ ಗಿರಾಕಿಗಳೂ ಆ ಕಡೆ ಫ್ಲ್ಯಾಟು ಕೇಳೋಕೆ ಶುರು ಮಾಡಿದರು.

ಇಂದಿರಾನಗರದಲ್ಲಿ ಬಾಡಿಗೆಗಿದ್ದ ಒಬ್ಬರನ್ನ ಅಪ್ಪ ಕೆ.ಆರ್. ಪುರದ ಒಂದು ಪ್ರಾಜೆಕ್ಟಿಗೆ ಕರ್ಕೊಂಡು ಹೋದರು. ಅವರು 80 ಲಕ್ಷದ ಫ್ಲ್ಯಾಟು ಬುಕ್ ಮಾಡಿದರು. ಶೇ. 2 ಕಮಿಷನ್ ಅಂತ ಬಾಯಿಮಾತಲ್ಲಿ ಆಗಿತ್ತು, ಅಂದರೆ 1.6 ಲಕ್ಷ. ಕೇಳೋಕೆ ಹೋದಾಗ ಸೇಲ್ಸ್ ಹುಡುಗ, "ಅಂಕಲ್, ನಿಮ್ಮ ರೇರಾ ನಂಬರ್ ಹೇಳಿ" ಅಂದನಂತೆ. ಅಪ್ಪ ಫೋನ್ ನಂಬರ್ ಹೇಳಿ ಬಂದಿದ್ದಾರೆ!

ಆ ದುಡ್ಡು ಬರಲಿಲ್ಲ. ನನ್ನ ಕಾಲೇಜ್ ಫೀಸಿಗೆ ಅಂತ ಲೆಕ್ಕ ಹಾಕಿದ್ದ ದುಡ್ಡು ಅದು. ನನಗೆ ಬಿಲ್ಡರ್ ಮೇಲೆ ಕೆಟ್ಟ ಸಿಟ್ಟು ಬಂತು. ರಾತ್ರಿ ಕೂತು ಕಾಯ್ದೆ ಓದಿದ ಮೇಲೆ ಸಿಟ್ಟು ಸ್ವಲ್ಪ ಇಳೀತು, ಯಾಕಂದ್ರೆ ತಪ್ಪು ನಮ್ಮ ಕಡೆಯೂ ಇತ್ತು.

ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ ಬಂದಿದ್ದು 2016ರಲ್ಲಿ. ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಬಂದವು. 500 ಚದರ ಮೀಟರ್ ಮೀರಿದ ಜಾಗದಲ್ಲಿ ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟು ಕಟ್ಟಿ ಮಾರೋ ಪ್ರಾಜೆಕ್ಟನ್ನ ರೇರಾದಲ್ಲಿ ನೋಂದಾಯಿಸಬೇಕು ಅನ್ನೋದು ನಮಗೆಲ್ಲ ಹೋರ್ಡಿಂಗ್ ನೋಡಿ ಗೊತ್ತು. ಗೊತ್ತಿಲ್ಲದೆ ಇರೋದು ಸೆಕ್ಷನ್ 9: ಅಂಥ ಪ್ರಾಜೆಕ್ಟಿನಲ್ಲಿ ಸೈಟೋ ಫ್ಲ್ಯಾಟೋ ಕೊಡಿಸೋ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು. ಇಲ್ಲದಿದ್ದರೆ ಸೆಕ್ಷನ್ 62ರ ಪ್ರಕಾರ ದಿನಕ್ಕೆ 10,000 ರೂಪಾಯಿ ದಂಡ. ಒಟ್ಟು ದಂಡ ಆ ಆಸ್ತಿಯ ಬೆಲೆಯ ಶೇ. 5ರವರೆಗೆ ಏರಬಹುದು. ಅಪ್ಪನ ಕೇಸಿಗೆ ಲೆಕ್ಕ ಹಾಕಿ: 80 ಲಕ್ಷಕ್ಕೆ ಶೇ. 5 ಅಂದ್ರೆ 4 ಲಕ್ಷ. 16ನೇ ದಿನಕ್ಕೆ ಇಡೀ ಕಮಿಷನ್ ಖಾಲಿ, 40ನೇ ದಿನಕ್ಕೆ ದಂಡ ಗರಿಷ್ಠ ಮಟ್ಟಕ್ಕೆ.

ಇಲ್ಲಿ ನಮ್ಮ ಕ್ಯಾಂಪಸ್ಸಿನವರು ಸ್ವಲ್ಪ ಕಿವಿಗೊಡಬೇಕು. ಏಜೆಂಟ್ ಅಂದ್ರೆ ಯಾರು ಅನ್ನೋ ವ್ಯಾಖ್ಯೆ ಬಹಳ ಅಗಲ. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯ ಮಾಡಿಸಿ, ಅದಕ್ಕೆ ಕಮಿಷನ್ನೋ ಫೀಸೋ ತಗೊಂಡರೆ ನೀವು ಏಜೆಂಟ್. ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ಫ್ಲ್ಯಾಟಿನ ಬ್ರೋಷರ್ ಹಾಕಿ "ರೆಫರಲ್" ದುಡ್ಡು ತಗೊಳ್ಳೋ ಹಾಸ್ಟೆಲ್ ಹುಡುಗರನ್ನ ನಾನು ನೋಡಿದ್ದೀನಿ. ಹ್ಯಾಕಥಾನ್‌ನಲ್ಲಿ "ಬ್ರೋಕರ್ ಇಲ್ಲದ ಆಪ್" ಅಂತ ಮಾಡಿ, ಡೀಲ್ ಆದರೆ ಶೇ. 1 ಅಂತ ಸ್ಲೈಡ್ ಹಾಕೋರೂ ಇದ್ದಾರೆ. ಮಾರಾಟದ ಡೀಲ್ ಆದರೆ ಆ ಆಪೇ ಬ್ರೋಕರ್ ಅಲ್ವಾ?

ಬಾಡಿಗೆ, ಭೋಗ್ಯ ಇದರೊಳಗೆ ಬರಲ್ಲ, ವ್ಯಾಖ್ಯೆ ಮಾರಾಟದ ಬಗ್ಗೆ ಮಾತ್ರ. ಶಿವಾಜಿನಗರದ ಹಳೇ ಗಲ್ಲಿಯ ಮನೆ, ರೇರಾ ಪ್ರಾಜೆಕ್ಟಿಗೆ ಸೇರದ್ದು, ಅದನ್ನ ಮಾರಿಸೋಕೂ ಈ ನಂಬರ್ ಬೇಕಿಲ್ಲ. ಅದಕ್ಕೇ ಅಪ್ಪ ಇಷ್ಟು ವರ್ಷ ನಡೆಸಿದ್ದು.

ಸರಿ, ನೋಂದಣಿ ಹೇಗೆ? ಕರ್ನಾಟಕದ ನಿಯಮಗಳಲ್ಲಿ ಪರೀಕ್ಷೆ ಇಲ್ಲ, ಡಿಗ್ರಿಯೂ ಕೇಳಲ್ಲ. ಮಹಾರಾಷ್ಟ್ರದಲ್ಲಿ 2023ರಿಂದ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆ ಕಡ್ಡಾಯ ಮಾಡಿದ್ದಾರೆ; ನಮ್ಮಲ್ಲೂ ಬಂದರೆ ಒಳ್ಳೇದೇ ಅಂತ ನನ್ನ ಅಭಿಪ್ರಾಯ, ಅಪ್ಪ ಒಪ್ಪಲ್ಲ. ಅರ್ಜಿ ಹಾಕೋದು ಕರ್ನಾಟಕ ರೇರಾದ ವೆಬ್‌ಸೈಟಿನಲ್ಲಿ. ಅವರ ಕಚೇರಿ ಮಿಷನ್ ರಸ್ತೆಯ ಸಿಎಸ್‌ಐ ಕಾಂಪೌಂಡ್‌ನಲ್ಲಿದೆ. 2017ರ ನಿಯಮದಂತೆ ಶುಲ್ಕ ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಗೆ 2 ಲಕ್ಷ. ಇಬ್ಬರು ಫ್ರೆಂಡ್ಸ್ ಸೇರಿ ಜೋಶಲ್ಲಿ ಫರ್ಮ್ ಮಾಡೋ ಮುಂಚೆ ಈ ವ್ಯತ್ಯಾಸ ನೋಡ್ಕೊಳ್ಳಿ. ನೋಂದಣಿ 5 ವರ್ಷ ನಡೆಯುತ್ತೆ, ಇಡೀ ರಾಜ್ಯಕ್ಕೆ ಒಂದೇ. ಮೈಸೂರಿಗೆ, ಮಂಗಳೂರಿಗೆ ಬೇರೆ ಬೇಡ. ಆದರೆ ಹೊಸೂರಿನ ಲೇಔಟ್ ಮಾರಿಸಬೇಕಾದ್ರೆ ತಮಿಳುನಾಡಿನಲ್ಲಿ ನೋಂದಣಿ ಬೇಕು, ಬೆಂಗಳೂರಿಗೆ ಎಷ್ಟೇ ಹತ್ತಿರ ಇದ್ದರೂ.

ಕಾಗದಪತ್ರದಲ್ಲಿ ನಾವು ಒದ್ದಾಡಿದ್ದು ಮೂರು ವಾರ. ಪ್ಯಾನ್, ಫೋಟೋ ಸುಲಭ. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಕೇಳ್ತಾರೆ. ಅಪ್ಪನ ಆದಾಯ ಮಿತಿಯೊಳಗೇ ಇದ್ದಿದ್ದರಿಂದ ಸಲ್ಲಿಸಿರಲಿಲ್ಲ, ಅಂಥವರು ಅದನ್ನೇ ಘೋಷಣೆಯಾಗಿ ಬರೆದುಕೊಡಬಹುದು. ವ್ಯವಹಾರದ ಜಾಗದ ವಿಳಾಸಕ್ಕೆ ದಾಖಲೆ ಬೇಕು. ಟೀ ಅಂಗಡಿ ಕೊಡೋಕಾಗಲ್ಲವಲ್ಲ, ನಮ್ಮ ಮನೆ ವಿಳಾಸವನ್ನೇ ಕೊಟ್ಟೆವು. ಪ್ಯಾನ್‌ನಲ್ಲಿ ಅಪ್ಪನ ಇನಿಷಿಯಲ್ ಬಿಡಿಸಿ ಬರೆದಿತ್ತು, ಬಾಡಿಗೆ ಕರಾರಿನಲ್ಲಿ ಇನಿಷಿಯಲ್ಲೇ ಇರಲಿಲ್ಲ. ಅರ್ಜಿ ತುಂಬೋ ಮೊದಲು ಎಲ್ಲ ದಾಖಲೆಯಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಕೋರ್ಟ್ ಕೇಸು ಇದ್ದರೆ ಅದರ ವಿವರ ಕೊಡಬೇಕು. ಬಳಸೋ ಲೆಟರ್‌ಹೆಡ್, ರಬ್ಬರ್ ಸ್ಟ್ಯಾಂಪು, ರಸೀದಿಯ ನಮೂನೆ ಕೂಡ. ಶಿವಾಜಿನಗರದಲ್ಲಿ ಸ್ಟ್ಯಾಂಪು ಮಾಡಿಸ್ಕೊಂಡು ಬಂದ ದಿನ ಅಪ್ಪ ಹಳೇ ಪೇಪರಿನ ಅಂಚಿನ ತುಂಬಾ ತಮ್ಮ ಹೆಸರು ಒತ್ತಿ ನೋಡಿದರು. ಎಲ್ಲ ಸರಿಯಿದ್ದರೆ 30 ದಿನದೊಳಗೆ ಪ್ರಾಧಿಕಾರ ತೀರ್ಮಾನ ಹೇಳಬೇಕು. ನಿಮ್ಮ ಮಾತು ಕೇಳದೆ ತಿರಸ್ಕರಿಸೋ ಹಾಗಿಲ್ಲ.

ನಂಬರ್ ಸಿಕ್ಕಿತು. ಏಜೆಂಟ್ ನಂಬರಿನ ಮಧ್ಯೆ "ಎಜಿ" ಅಂತ ಇರುತ್ತೆ, ಪ್ರಾಜೆಕ್ಟಿನದ್ದರಲ್ಲಿ "ಪಿಆರ್". ಬ್ರೋಷರ್ ನೋಡುವಾಗ ಇದು ಉಪಯೋಗಕ್ಕೆ ಬರುತ್ತೆ: ಕೆಲವರು ತಮ್ಮ ಎಜಿ ನಂಬರನ್ನೇ ದೊಡ್ಡದಾಗಿ ಹಾಕಿ "ರೇರಾ ಅನುಮೋದಿತ" ಅಂತ ಬರೀತಾರೆ. ಅದು ಏಜೆಂಟಿಗೆ ಸಿಕ್ಕಿದ್ದು, ಕಟ್ಟಡಕ್ಕಲ್ಲ.

ನಿಜವಾದ ಕೆಲಸ ಆಮೇಲೆ. ಸೆಕ್ಷನ್ 10ರ ಪ್ರಕಾರ ನೋಂದಣಿ ಆಗದ ಪ್ರಾಜೆಕ್ಟನ್ನ ಏಜೆಂಟ್ ಮಾರಿಸೋ ಹಾಗಿಲ್ಲ. "ಪ್ರೀ ಲಾಂಚ್ ಆಫರ್, ರೇರಾ ಮುಂದಿನ ತಿಂಗಳು ಬರುತ್ತೆ" ಅನ್ನೋ ಮೆಸೇಜ್ ಕೆ.ಆರ್. ಪುರದ ಕಡೆಯಿಂದ ವಾರಕ್ಕೆ ನಾಲ್ಕು ಬರುತ್ತೆ. ನೋಂದಣಿಗೆ ಮುಂಚೆ ಜಾಹೀರಾತು ಕೊಡೋದೇ ತಪ್ಪು. ಲೆಕ್ಕಪುಸ್ತಕ ಇಡಬೇಕು. ಇಲ್ಲದ ಸೌಕರ್ಯ ಇದೆ ಅನ್ನಬಾರದು. ಬುಕಿಂಗ್ ಹೊತ್ತಿಗೆ ಕೊಳ್ಳುವವರಿಗೆ ಸಿಗಬೇಕಾದ ಎಲ್ಲ ದಾಖಲೆ ಸಿಗೋ ಹಾಗೆ ನೋಡ್ಕೋಬೇಕು. ಕರಾರು ಆಗೋ ಮೊದಲು ಶೇ. 10ಕ್ಕಿಂತ ಹೆಚ್ಚು ದುಡ್ಡು ಬಿಲ್ಡರ್ ತಗೊಳ್ಳೋ ಹಾಗಿಲ್ಲ ಅಂತ ಗಿರಾಕಿಗೆ ಹೇಳೋದು ಯಾರು? ಕಮಿಷನ್ ಕೊಡೋದು ಬಿಲ್ಡರ್, ಆದರೂ ಏಜೆಂಟೇ ಹೇಳಬೇಕು ಅಂತ ನನಗನ್ನಿಸುತ್ತೆ. ಈ ಬಗ್ಗೆ ಮನೇಲಿ ದಿನಾ ಜಗಳ.

ಈಗ ನಮ್ಮಿಬ್ಬರದು ಒಂದು ಪದ್ಧತಿ. ಗಿರಾಕಿ ಪ್ರಾಜೆಕ್ಟ್ ಹೆಸರು ಹೇಳಿದ ಕೂಡಲೇ ಅಪ್ಪ ನನಗೆ ಫೋನ್ ಮಾಡ್ತಾರೆ. ನಾನು ರೇರಾ ಸೈಟಿನಲ್ಲಿ ಅದರ ಪುಟ ತೆಗೆದು ಮುಗಿಸೋ ದಿನಾಂಕ, ನಕ್ಷೆಯ ಅನುಮೋದನೆ, ಮೂರು ತಿಂಗಳಿಗೊಮ್ಮೆ ಹಾಕಬೇಕಾದ ಪ್ರಗತಿ ವರದಿ ನೋಡ್ತೀನಿ. ಇಸಿ, ಖಾತೆ, ಮೂಲಪತ್ರ ಓದೋದು ಅಪ್ಪನ ಪಾಲು. ವಂಶವೃಕ್ಷದಲ್ಲಿ ಒಬ್ಬ ಮಗಳ ಹೆಸರು ಬಿಟ್ಟುಹೋಗಿದ್ದರೆ ಅವರ ಕಣ್ಣಿಗೆ ಎರಡು ನಿಮಿಷದಲ್ಲಿ ಬೀಳುತ್ತೆ, ನನಗೆ ಎರಡು ಸೆಮಿಸ್ಟರ್ ಆದರೂ ಬೀಳಲ್ಲ.

ಹಳೇ 1.6 ಲಕ್ಷದ ಬಗ್ಗೆ ಅಪ್ಪ ಮತ್ತೆ ಮಾತಾಡಿಲ್ಲ. ಸರ್ಟಿಫಿಕೇಟನ್ನ ಲ್ಯಾಮಿನೇಟ್ ಮಾಡಿಸಿ ಮನೆ ಬಾಗಿಲ ಪಕ್ಕ ಹಾಕಿದ್ದಾರೆ. ವ್ಯವಹಾರದ ಜಾಗದಲ್ಲಿ ಕಾಣೋ ಹಾಗೆ ಹಾಕಬೇಕು ಅಂತ ನಿಯಮ ಇದೆ. ಅದರ ಜೆರಾಕ್ಸ್ ಒಂದು ಟೀ ಅಂಗಡಿಯಲ್ಲೂ ಇದೆ.