ಎರಡು ಉತ್ತರ ಬಂದಾಗ ಯಾವುದು ನಿಜ? ವರ್ಗಮೂಲಕ್ಕೆ ಎಂಟು ಸೂತ್ರಗಳು

ಗೋಕಾಕ, ಮೂಡಲಗಿ, ಹುಕ್ಕೇರಿಯ ಎಸ್ಸೆಸ್ಸೆಲ್ಸಿ, ಪಿಯುಸಿ ವಿದ್ಯಾರ್ಥಿಗಳೇ, ವರ್ಗಮೂಲದ ಲೆಕ್ಕದಲ್ಲಿ ಹೆಜ್ಜೆಗಳೆಲ್ಲ ಸರಿಯಿದ್ದೂ ಉತ್ತರ ತಪ್ಪಬಹುದು. ತಾಳೆ ನೋಡುವವರೆಗೆ ಲೆಕ್ಕ ಮುಗಿದಿಲ್ಲ ಎಂದೇ ತಿಳಿಯಿರಿ. ಪುಸ್ತಕದ ‘ಎಕ್ಸ್’ ಇಲ್ಲಿ ‘ಯ’ ಆಗಿದೆ.

1. ಚಿಹ್ನೆಯ ಅರ್ಥ ಗಟ್ಟಿ ಮಾಡಿಕೊಳ್ಳಿ. √9 ಎಂದರೆ 3 ಮಾತ್ರ. ಯ² = 9 ಎಂದು ಕೊಟ್ಟಾಗಲಷ್ಟೇ 3, −3 ಎಂಬ ಎರಡು ಉತ್ತರ.

2. ಮೂಲದೊಳಗಿನ ಮೊತ್ತವನ್ನು ಒಡೆಯಬೇಡಿ. √(9+16) = √25 = 5. ಬಿಡಿಬಿಡಿಯಾಗಿ ಮೂಲ ತೆಗೆದು 3+4 = 7 ಎಂದರೆ ತಪ್ಪು.

3. ವರ್ಗ ಮಾಡುವ ಮೊದಲು ಮೂಲವನ್ನು ಒಂದೇ ಬದಿಗೆ ತನ್ನಿ. √(ಯ+7) + 5 = ಯ ಎಂಬುದನ್ನು √(ಯ+7) = ಯ−5 ಎಂದು ಬರೆಯಿರಿ. ಈಗ ವರ್ಗ ಮಾಡಿದರೆ ಯ² − 11ಯ + 18 = 0. ಅಪವರ್ತಿಸಿದರೆ 9 ಮತ್ತು 2.

4. ಕೊಟ್ಟ ಸಮೀಕರಣದಲ್ಲೇ ತಾಳೆ ನೋಡಿ. ಯ = 9 ಆದರೆ √16 + 5 = 9, ಸರಿ. ಯ = 2 ಆದರೆ √9 + 5 = 8; 2 ಬರಲಿಲ್ಲ. ಆದ್ದರಿಂದ 2 ಹುಸಿ ಉತ್ತರ.

5. ಹುಸಿ ಉತ್ತರ ಎಲ್ಲಿಂದ ಬಂತೆಂದು ತಿಳಿಯಿರಿ. ಯ = 2 ಇಟ್ಟರೆ √(ಯ+7) ಬೆಲೆ 3, ಯ−5 ಬೆಲೆ −3. ಇವು ಸಮವಲ್ಲ. ಆದರೆ ವರ್ಗ ಮಾಡಿದೊಡನೆ ಎರಡೂ 9. ವರ್ಗ ಮಾಡುವಾಗ ಋಣ ಚಿಹ್ನೆ ಅಳಿಸಿಹೋಗುತ್ತದೆ. ಆ ಸಂದಿಯಲ್ಲೇ ಹುಸಿ ಉತ್ತರ ನುಸುಳುತ್ತದೆ.

6. ಬಲಗಡೆ ಋಣ ಸಂಖ್ಯೆ ಕಂಡರೆ ನಿಲ್ಲಿ. √(ಯ+1) = −4 ಎಂಬುದಕ್ಕೆ ಉತ್ತರವೇ ಇಲ್ಲ. ವರ್ಗ ಮಾಡಿ 15 ಎಂದು ಬರೆದು ಸಮಯ ಕಳೆಯಬೇಡಿ.

7. ಪ್ರಶ್ನೆ ಏನನ್ನು ಕೇಳಿದೆ ನೋಡಿ. ಒಂದು ಗುಂಟೆ ಎಂದರೆ 1089 ಚದರ ಅಡಿ. ಚೌಕಾಕಾರದ ಒಂದು ಗುಂಟೆ ಜಾಗದ ಬದಿ ಕಂಡುಹಿಡಿಯಲು ಯ² = 1089 ಎಂದು ಬಿಡಿಸಿದರೆ 33, −33 ಬರುತ್ತವೆ. ಸಮೀಕರಣಕ್ಕೆ ಎರಡೂ ಸರಿ; ಜಾಗದ ಅಳತೆಗೆ 33 ಅಡಿಯೊಂದೇ ಸರಿ. ಸುಮಾರು 52 ಮೀಟರ್ ಎತ್ತರದ ಗೋಕಾಕ ಜಲಪಾತದ ಲೆಕ್ಕವೂ ಹೀಗೆಯೇ. ಗಾಳಿಯ ತಡೆ ಬಿಟ್ಟು, ನೀರು ಕೆಳಗೆ ಬೀಳುವ ಸಮಯವನ್ನು ‘ಯ’ ಎಂದರೆ 4.9ಯ² = 52. ಸುಮಾರು 3.26 ಸೆಕೆಂಡ್ ಇಟ್ಟುಕೊಳ್ಳಿ, −3.26 ಬಿಡಿ.

8. ಬಿಟ್ಟ ಉತ್ತರಕ್ಕೂ ಕಾರಣ ಬರೆಯಿರಿ. 1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯರ ‘ಬೀಜಗಣಿತ’ದಲ್ಲಿ ಮಂಗಗಳ ಲೆಕ್ಕವೊಂದಿದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಅದರ ವರ್ಗದಷ್ಟು ಮಂಗಗಳು ಗುಹೆಗೆ ಹೋದವು, ಉಳಿದದ್ದು ಒಂದೇ. ಉತ್ತರ 50 ಮತ್ತು 5. ಐದರ ಐದನೇ ಭಾಗ 1. ಅದರಲ್ಲಿ ಮೂರು ಕಳೆದರೆ −2, ಋಣ ಸಂಖ್ಯೆ. ಆ ಕಾರಣ ಕೊಟ್ಟೇ ಅವರು 5 ಅನ್ನು ಕೈಬಿಟ್ಟರು. ನೀವೂ ಹೊಡೆದುಹಾಕಿದ ಪ್ರತಿ ಉತ್ತರದ ಪಕ್ಕ ಕಾರಣದ ಒಂದು ಸಾಲು ಬರೆಯಿರಿ. ಲೆಕ್ಕ ಅರ್ಥವಾಗಿದೆ ಎಂಬುದಕ್ಕೆ ಆ ಸಾಲೇ ಸಾಕ್ಷಿ.