ಮುಳ್ಳು ಏರುವುದು ಎಲ್ಲಿ?

'ಗಾಡಿ ಹೀಟ್ ಆಗ್ತಿದೆ' ಅಂದರೆ ಸಾಕು, ಎಷ್ಟೋ ಗ್ಯಾರೇಜುಗಳಲ್ಲಿ ಸಿಗುವ ಮೊದಲ ಮದ್ದು ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು. 'ಇದು ಚಳಿ ದೇಶದವರಿಗೆ ಸಾರ್, ನಮಗ್ಯಾಕೆ?' ಅನ್ನುತ್ತಾರೆ. ಇಪ್ಪತ್ತು ವರ್ಷ ದಾಟಿದ ನನ್ನ ಪೆಟ್ರೋಲ್ ಕಾರಿಗೂ ಇದೇ ಸಲಹೆ ಬಂತು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬೆಚ್ಚಗಾಗುವುದು ತಡವಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ನೀರು ರೇಡಿಯೇಟರಿನತ್ತ ಹೋಗದೆ ಅಡ್ಡದಾರಿಯಲ್ಲೇ ಸುತ್ತುತ್ತದೆ. ಕಿತ್ತದ್ದನ್ನು ಮನೆಗೆ ತಂದು, ಪಾತ್ರೆಯ ನೀರಲ್ಲಿ ಮುಳುಗಿಸಿ ಒಲೆಯ ಮೇಲಿಟ್ಟೆ. ಅದರ ಮೇಲೆ 82 ಎಂದು ಅಚ್ಚಾಗಿತ್ತು. ನೀರು ಕುದಿಯುವ ಮೊದಲೇ ಬಾಯಿ ತೆರೆಯಿತು, ಆರಿದ ಮೇಲೆ ಮುಚ್ಚಿಕೊಂಡಿತು. ಪಾಪ, ಅದರದ್ದೇನೂ ತಪ್ಪಿಲ್ಲ. (ಅದಕ್ಕಂಟಿದ ಕೂಲಂಟ್ ವಿಷ. ಆ ಪಾತ್ರೆಗೆ ಅಡುಗೆಮನೆಯಲ್ಲಿ ಮತ್ತೆ ಜಾಗ ಸಿಗಲಿಲ್ಲ.)

ಬಿಡಿಭಾಗ ಬದಲಿಸುವ ಮೊದಲು ಕೇಳಬೇಕಾದದ್ದು ಒಂದೇ: ಟೆಂಪರೇಚರ್ ಮುಳ್ಳು ಏರುವುದು ಎಲ್ಲಿ, ಯಾವಾಗ? ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಗಾಡಿ ಓಡಿದ ಕೂಡಲೇ ಇಳಿದರೆ ಮೊದಲು ಫ್ಯಾನ್, ಅದರ ಸ್ವಿಚ್, ರಿಲೇ ನೋಡಬೇಕು. ನನ್ನದು ತದ್ವಿರುದ್ಧ. ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಫ್ಯಾನ್ ಗುರ್ರೆನ್ನುತ್ತ ಮುಳ್ಳನ್ನು ಅರ್ಧದಲ್ಲೇ ಹಿಡಿದಿಡುತ್ತಿತ್ತು. ಕರಾವಳಿಯಿಂದ ಮರಳುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಏರತೊಡಗಿದರೆ ಮಾತ್ರ ಕೆಂಪಿನತ್ತ ಹೊರಡುತ್ತಿತ್ತು. ಮುಂದೆ ಲಾರಿ, ಕೈಯಲ್ಲಿ ಎರಡನೇ ಗೇರು. ಎಂಜಿನ್ ಹುಟ್ಟಿಸುವಷ್ಟು ಶಾಖವನ್ನು ರೇಡಿಯೇಟರ್ ಹೊರಹಾಕುತ್ತಿಲ್ಲ ಎಂದೇ ಇದರರ್ಥ. ಅಲ್ಲಿ ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿದರೆ ಒಂದಿಷ್ಟು ಶಾಖ ನಮ್ಮ ಮೈಮೇಲಾದರೂ ಇಳಿಯುತ್ತದೆ. ಬೇಯುತ್ತ ಸಕಲೇಶಪುರ ಸೇರಿದ್ದುಂಟು.

ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂಬ ಭಯವಿತ್ತು. ಆಯಿಲ್ ಮುಚ್ಚಳದಡಿ ಹಾಲುಕಾಫಿ ಬಣ್ಣದ ಲೋಳೆ ಇರಲಿಲ್ಲ, ತಣ್ಣಗಿನ ಎಂಜಿನ್ ಶುರು ಮಾಡಿದಾಗ ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ. ಸದ್ಯ ಬಚಾವ್.

ಸಿಕ್ಕಿದ್ದು ಎರಡು ದೋಷ. ಒಂದು, ರೇಡಿಯೇಟರ್ ಮುಚ್ಚಳ. ಅದರ ಮೇಲಿನ 0.9 ಅಂದರೆ ಅಷ್ಟು ಬಾರ್ ಒತ್ತಡ ತಡೆಯುತ್ತದೆ ಎಂದು. ಆ ಒತ್ತಡದಲ್ಲಿ ನೀರು 100ರಲ್ಲಲ್ಲ, 118 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ನನ್ನದರ ರಬ್ಬರು ಕಲ್ಲಾಗಿತ್ತು. ಬಿಸಿಯಾದಾಗ ನೀರನ್ನು ಪಕ್ಕದ ಬಾಟಲಿಗೆ ತಳ್ಳುತ್ತಿತ್ತು, ತಣಿದಾಗ ಮರಳಿ ಎಳೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಬಾಟಲಿ ತುಂಬಿದೆ, ರೇಡಿಯೇಟರ್ ಖಾಲಿ! ಬಾಟಲಿ ನೋಡಿ ಸಮಾಧಾನಪಡುವವರು ಎಂಜಿನ್ ಪೂರ್ತಿ ತಣ್ಣಗಿರುವಾಗ ಮುಚ್ಚಳವನ್ನೂ ತೆಗೆದು ನೋಡಬೇಕು. ಬಿಸಿಯಲ್ಲಿ ತೆಗೆದರೆ ಮುಖ ಸುಡುತ್ತದೆ.

ಇನ್ನೊಂದು, ಸುಣ್ಣ. ಗಾಡಿ ಓಡಿಸಿ ನಿಲ್ಲಿಸಿ, ಸ್ವಲ್ಪ ಆರಿದ ಮೇಲೆ ರೇಡಿಯೇಟರನ್ನು ಮುಟ್ಟುತ್ತ ಹೋದೆ. ಒಂದು ಮೂಲೆ ತಣ್ಣಗಿತ್ತು: ಅಲ್ಲಿ ನೀರೇ ಹರಿಯುತ್ತಿಲ್ಲ. ಹಿಂದಿನ ಮಾಲೀಕರು ವರ್ಷಗಟ್ಟಲೆ ಬೋರ್ ನೀರು ಹೊಯ್ದಿದ್ದರು. ಗೀಸರ್ ಕಾಯಿಲಿಗೆ ಹತ್ತುವ ಅದೇ ಬಿಳಿ ಪೊರೆ ಒಳಗಿನ ಸಣ್ಣ ಕೊಳವೆಗಳನ್ನು ಕಟ್ಟಿತ್ತು. ಹಳೆಯ ಹಿತ್ತಾಳೆ ರೇಡಿಯೇಟರಾಗಿದ್ದರೆ ಟ್ಯಾಂಕ್ ಬಿಚ್ಚಿ, ಕಂಬಿ ತೂರಿಸಿ, ಮತ್ತೆ ಬೆಸುಗೆ ಹಾಕುತ್ತಿದ್ದರು. ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ಕಿನದಕ್ಕೆ ಆ ಭಾಗ್ಯವಿಲ್ಲ. ಜೆ.ಸಿ. ರಸ್ತೆಯಲ್ಲಿ ಹೊಸದನ್ನೇ ಕೊಂಡೆ, ಜೊತೆಗೆ ಹೊಸ ಮುಚ್ಚಳ.

ತುಂಬುವಾಗ ಅವಸರ ಸಲ್ಲದು. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಮೂತಿ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆರೆದೇ ಶುರು ಮಾಡಿ, ಹೀಟರ್ ಹಾಕಿ, ಮೇಲಿನ ಹೋಸನ್ನು ಆಗಾಗ ಹಿಸುಕುತ್ತಿದ್ದರೆ ಸಿಕ್ಕಿಬಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಬರುತ್ತದೆ. ಗುಳ್ಳೆ ನಿಂತ ಮೇಲೆ ಮುಚ್ಚಿ, ಮರುದಿನ ಬೆಳಿಗ್ಗೆ ಮಟ್ಟ ನೋಡಿದರೆ ಇನ್ನೊಂದು ಲೋಟದಷ್ಟು ಹಿಡಿಯಿತು.