ಬುಟ್ಟಿಯ ಮೊಟ್ಟೆ, ಕಾವಿನ ಮೊಟ್ಟೆ

ಹಿತ್ತಿಲಲ್ಲಿ ನಾಲ್ಕು ಕೋಳಿ ಬಿಟ್ಟುಕೊಂಡರೆ ಮೊಟ್ಟೆಗೆ ಮೊಟ್ಟೆ, ಬಾಡಿಗೆ ಬಾಡು ಎನ್ನುವವರು ಒಂದು ಲೆಕ್ಕವನ್ನು ಮಾತ್ರ ಎತ್ತುವುದಿಲ್ಲ: ಮೇವಿನ ಚೀಲದ್ದು. ಮೊಟ್ಟೆ ಇಡುವ ಕೋಳಿ ದಿನಕ್ಕೆ ಹೆಚ್ಚುಕಡಿಮೆ 110 ಗ್ರಾಂ ತಿನ್ನುತ್ತದೆ. ತಿಂಗಳಿಗೆ ಮೂರು ಕೆ.ಜಿ. ಮೇಲಾಯಿತು. ನಮ್ಮ ನಾಗಮಂಗಲ ಕಡೆ ಚಿಲ್ಲರೆಯಲ್ಲಿ ಲೇಯರ್ ಫೀಡ್‌ಗೆ ನಾನು ಕೆ.ಜಿ.ಗೆ 40 ರೂಪಾಯಿ ಕೊಡುತ್ತಿದ್ದೇನೆ, ಅಂದರೆ ಒಂದು ಕೋಳಿಯ ತಿಂಗಳ ಊಟಕ್ಕೆ 130 ರೂಪಾಯಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಿಲಿಗೆಂದೇ ತಯಾರಿಸಿದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ತಿಂಗಳಿಗೆ ಒಂದು ಡಜನ್ ಎನ್ನಿ. ಒಂದಕ್ಕೆ 12 ರೂಪಾಯಿಯಂತೆ ಮಾರಿದರೆ 144. ಉಳಿದದ್ದು 14 ರೂಪಾಯಿ. ಅದರಲ್ಲೇ ಔಷಧಿ, ಅದರಲ್ಲೇ ಬೆಕ್ಕು ಮುಂಗುಸಿಗಳ ಪಾಲು.

ಅಷ್ಟೇ ಮೇವು ತಿಂದು ಫಾರಂ ಕೋಳಿ ವರ್ಷಕ್ಕೆ 300ರ ಗಡಿ ದಾಟುತ್ತದೆ. ಅದರೊಂದಿಗೆ ನಾವು ಪೈಪೋಟಿಗೆ ನಿಲ್ಲುವ ಮಾತೇ ಇಲ್ಲ. ಹಾಗಾಗಿ ನಮ್ಮ ಮನೆಯ ಮೊದಲ ನಿಯಮ, ಅರ್ಧ ಹೊಟ್ಟೆ ಚೀಲದಿಂದ, ಇನ್ನರ್ಧ ತಿಪ್ಪೆಯಿಂದ. ರಾಗಿ ಕಣ ಗುಡಿಸಿದ ಕಸ, ನುಚ್ಚು, ತೌಡು, ನುಗ್ಗೆಸೊಪ್ಪು, ಮುದ್ದೆ ಪಾತ್ರೆ ತೊಳೆದ ಸೀಕು ಎಲ್ಲವೂ ಅವಕ್ಕೇ. ಪಿಳ್ಳೆಗಳಿಗೆ ಇನ್ನೊಂದು ಉಪಾಯವಿದೆ. ಹಳೆ ಮಡಕೆಗೆ ಒಣ ಸಗಣಿ, ಹುಲ್ಲಿನ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಜಾಗದಲ್ಲಿ ಸಂಜೆ ಬೋರಲು ಹಾಕುವುದು. ಬೆಳಿಗ್ಗೆ ಮಡಕೆ ಎತ್ತಿ ನೆಲಕ್ಕೆ ಕೊಡವಿದರೆ ಬಿಳಿ ಗೆದ್ದಲು ಮುದ್ದೆಯಾಗಿ ಬೀಳುತ್ತದೆ. ಪಿಳ್ಳೆಗಳು ಒಂದರ ಮೇಲೊಂದು ಬಿದ್ದು ಮುಕ್ಕುತ್ತವೆ. ಅಂಗಡಿಯಲ್ಲಿ ಪ್ರೋಟೀನು ಕೊಳ್ಳುವುದೆಂದರೆ ಚೀಲದಲ್ಲೇ ಅತಿ ದುಬಾರಿ ಬಾಬತ್ತನ್ನು ಕೊಂಡಂತೆ. ಇಲ್ಲಿ ಅದು ಪುಕ್ಕಟೆ.

ಆದರೆ ನಿಜವಾದ ದುಡ್ಡು ಇರುವುದು ನಾಟಿ ಹ್ಯಾಟೆಯ ಹೊಟ್ಟೆಯ ಕೆಳಗೆ. ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ದಾಟದ ಈ ಕೋಳಿಯನ್ನು ಹೀಗಳೆಯುವವರೇ ಹೆಚ್ಚು. ಹನ್ನೆರಡು ಮೊಟ್ಟೆ ಬುಟ್ಟಿಗೆ ಹಾಕಿ ಮಾರಿದರೆ 144 ರೂಪಾಯಿ. ಅದೇ ಹನ್ನೆರಡನ್ನು ಕಾವಿಗಿಟ್ಟರೆ 21 ದಿನಕ್ಕೆ ಎಂಟೊಂಬತ್ತು ಮರಿ. ಹದ್ದು, ಬೆಕ್ಕು, ಮಳೆಗೆ ಅರ್ಧ ಹೋಯಿತೆನ್ನಿ. ಉಳಿದ ನಾಲ್ಕು ಮರಿ ಆರು ತಿಂಗಳಲ್ಲಿ ತಲಾ ಒಂದೂವರೆ ಕೆ.ಜಿ. ತೂಗಿದರೆ, ಜೀವಂತ ತೂಕಕ್ಕೆ 400ರಂತೆ 2,400 ರೂಪಾಯಿ. ಮರಿಗಳ ನುಚ್ಚು, ಮೇವು, ತಾಯಿಕೋಳಿ ಮೊಟ್ಟೆ ನಿಲ್ಲಿಸುವ ಎರಡು ಮೂರು ತಿಂಗಳು ಎಲ್ಲ ಸೇರಿಸಿ ಅರ್ಧಕ್ಕರ್ಧ ಕಳೆದರೂ ಬುಟ್ಟಿಯ ಲೆಕ್ಕ ಹತ್ತಿರಕ್ಕೂ ಬರುವುದಿಲ್ಲ. ಗಿರಿರಾಜ ಕಾವಿಗೆ ಕೂರುವುದಿಲ್ಲ, ಅದರ ಮೊಟ್ಟೆ ನಮ್ಮ ಅಡುಗೆಮನೆಗೆ, ನಾಟಿಯದು ಕಾವಿನ ಮಂಕರಿಗೆ. ಗಿರಿರಾಜದ ಮೊಟ್ಟೆಯನ್ನೇ ನಾಟಿ ಕೋಳಿಯ ಕೆಳಗಿಟ್ಟು ತಳಿ ಬೆಳೆಸುತ್ತೇವೆ ಎನ್ನುವವರಿದ್ದಾರೆ. ಅದು ಮಿಶ್ರತಳಿ, ಮುಂದಿನ ಪೀಳಿಗೆಯಲ್ಲಿ ಅದೇ ಇಳುವರಿ ಬರುವುದಿಲ್ಲ. ಹೊಸ ಮರಿ ತರುವುದೇ ಸರಿ.

ಕಾವಿಗಿಟ್ಟ ಏಳನೇ ರಾತ್ರಿ ನನ್ನ ಹೆಂಡತಿ ಮೊಟ್ಟೆಯ ಹಿಂದೆ ಮೊಬೈಲ್ ಟಾರ್ಚ್ ಹಿಡಿಯುತ್ತಾಳೆ. ಒಳಗೆ ಕಪ್ಪು ಚುಕ್ಕೆ, ಸುತ್ತ ಕೆಂಪು ನರಗಳ ಬಲೆ ಕಂಡರೆ ವಾಪಸ್ಸು ಮಂಕರಿಗೆ. ಬರೀ ಹಳದಿ ಬೆಳಕಾದರೆ ಜೊಳ್ಳು. ಅದನ್ನು ಬೇಯಿಸಿ, ಹಿಸುಕಿ, ಹಳೆ ಮರಿಗಳಿಗೆ ಹಾಕುತ್ತಾಳೆ.

ಖರ್ಚಿನಲ್ಲಿ ಜಿಪುಣತನ ಮಾಡಬಾರದ ಜಾಗ ಒಂದೇ, ಲಸಿಕೆ. ಕೊಕ್ಕರೆ ರೋಗ ಹೊಕ್ಕರೆ ಒಂದು ವಾರದಲ್ಲಿ ಗೂಡು ಖಾಲಿ. ಮೊದಲ ವಾರ ಕಣ್ಣಿಗೆ ಹನಿ, ಎಂಟನೇ ವಾರದ ಹೊತ್ತಿಗೆ ಚುಚ್ಚುಮದ್ದು. ತೊಡಕೇನೆಂದರೆ ಸೀಸೆ ಬರುವುದು ನೂರು ಕೋಳಿಯ ಲೆಕ್ಕದಲ್ಲಿ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ನಮ್ಮ ಬೀದಿಯವರು ದುಡ್ಡು ಹಾಕಿ ಒಂದೇ ಸೀಸೆ ತರುತ್ತೇವೆ. ಬೆಳಗಿನ ತಂಪಿನಲ್ಲಿ, ಗೂಡಿನ ಬಾಗಿಲು ತೆಗೆಯುವ ಮುಂಚೆ, ಮನೆಯಿಂದ ಮನೆಗೆ ಐಸ್ ತುಂಬಿದ ಫ್ಲಾಸ್ಕು ಹೋಗುತ್ತದೆ. ತಲೆಗೆ ಬೀಳುವ ಖರ್ಚು ಒಂದು ಚಹಾದ ಬೆಲೆಯಷ್ಟೂ ಇಲ್ಲ.

ಮಾರುವ ಕಾಲವೂ ಲೆಕ್ಕವೇ. ಶ್ರಾವಣದಲ್ಲಿ ಕೇಳುವವರಿಲ್ಲ. ಪಿತೃಪಕ್ಷದ ಎಡೆಗೆ, ಯುಗಾದಿ ಮಾರನೆಯ ಹೊಸತೊಡಕಿಗೆ ಹುಂಜಕ್ಕೆ ಹೇಳಿದ್ದೇ ರೇಟು. ಹೊಸತೊಡಕಿಗೆ ತೂಕ ಬರಬೇಕಾದರೆ ಸೆಪ್ಟೆಂಬರ್ ಕೊನೆಗೇ ಕಾವಿಗಿಡಬೇಕು. ಹಳೆ ಹ್ಯಾಟೆಗಳನ್ನೂ ಹೊಸತೊಡಕಿಗೇ ಮಾರಿ ಕಳಿಸುತ್ತೇನೆ. ಮೊಟ್ಟೆ ನಿಂತ ಕೋಳಿ ಪ್ರೀತಿಗೆ ಉಳಿದರೆ ಮೇವಿನ ಚೀಲಕ್ಕೆ ಅದು ಗೊತ್ತಾಗುವುದಿಲ್ಲ.

ಮನೆಗೆ ಕೊಯ್ದದ್ದನ್ನೂ ಸಂತೆಯ ದರದಲ್ಲೇ ಪುಸ್ತಕಕ್ಕೆ ಆದಾಯವೆಂದು ಬರೆಯುತ್ತೇನೆ, ಇಲ್ಲದಿದ್ದರೆ ತಿಂದದ್ದೆಲ್ಲ ನಷ್ಟದಂತೆ ಕಾಣುತ್ತದೆ. ಜಗಳ ಉಳಿದಿರುವುದು ಅಳಿಯ ಬಂದಾಗ ಕೊಯ್ಯುವ ಹುಂಜದ ಬಗ್ಗೆ. ನಾನು ಅದನ್ನು ‘ನೆಂಟರು’ ಎಂದು ಬೇರೆ ಕಾಲಮ್ಮಿಗೆ ಹಾಕಿದ್ದೆ. ಹೆಂಡತಿ ಹೊಡೆದುಹಾಕಿ ‘ಮನೆಖರ್ಚು’ ಎಂದು ಬರೆದಿದ್ದಾಳೆ.